ಭೂಮಿ: ಕೇಳಿ ಕಟ್ಟಿದ್ದು, ಕೇಳದೆ ಬಿಟ್ಟದ್ದು

ಕರ್ನಾಟಕದ ಜಮೀನು ದಾಖಲೆಯಾದ ಪಹಣಿ ಕಂಪ್ಯೂಟರಿಗೆ ಹತ್ತಿದ್ದು ‘ಭೂಮಿ’ ಯೋಜನೆಯಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ, 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಆ ಕೆಲಸ ಶುರುವಾಗಿತ್ತು. ಭೂದಾಖಲೆಗಳ ಗಣಕೀಕರಣಕ್ಕೆಂದು ಕೇಂದ್ರ ಸರ್ಕಾರ 1988-89ರಲ್ಲಿ ಆರಂಭಿಸಿದ್ದ ಯೋಜನೆಯ ಹಣ ಅದಕ್ಕೆ ಬಂದಿತ್ತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಯಂತ್ರ ಇತ್ತು, ದುಡ್ಡು ಇತ್ತು, ಟೈಪು ಮಾಡುವವರೂ ಇದ್ದರು. ಆದರೂ ರೈತನ ಕೈಗೆ ಕಂಪ್ಯೂಟರ್ ಪಹಣಿ ಬರಲಿಲ್ಲ.

ಕಾರಣ ಸರಳ. ಪಹಣಿ ತಿದ್ದುಪಡಿಯಾಗುವುದು ತಾಲೂಕು ಮಟ್ಟದಲ್ಲಿ. ಆ ಯೋಜನೆಯಲ್ಲಿ ತಾಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಮಾತೇ ಇರಲಿಲ್ಲ. ಪುಸ್ತಕದಲ್ಲಿದ್ದದ್ದನ್ನು ಒಂದು ಸಲ ತುಂಬಿಸಿ ಇಟ್ಟರು. ಅಷ್ಟರಲ್ಲಿ ಹಳ್ಳಿಯಲ್ಲಿ ಒಬ್ಬರು ಜಮೀನು ಮಾರಿದ್ದರು, ಇನ್ನೊಬ್ಬರು ತೀರಿಕೊಂಡಿದ್ದರು, ಮತ್ತೊಂದು ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದರು. ಆ ಬದಲಾವಣೆಗಳೆಲ್ಲ ತಾಲೂಕಿನ ಕಾಗದದಲ್ಲಿ ದಾಖಲಾದವು, ಕಂಪ್ಯೂಟರಿನೊಳಗೆ ಮಾತ್ರ ಹಳೆಯ ಪಹಣಿ ಹಾಗೆಯೇ ಉಳಿಯಿತು. ಕೆಲಸ ಶುರುಮಾಡುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಈ ಪುಸ್ತಕವನ್ನು ಯಾರು, ಎಲ್ಲಿ ಕೂತು, ಯಾವಾಗ ತಿದ್ದುತ್ತಾರೆ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥ ಪ್ರಶ್ನೆ ಕೇಳುವುದಕ್ಕೇ ಸಂಬಳ ಪಡೆಯುವವರಿದ್ದಾರೆ. ಆ ಕೆಲಸವನ್ನು ಅವರು ರಿಕ್ವೈರ್‌ಮೆಂಟ್, ಅಂದರೆ ಅಗತ್ಯ, ತೆಗೆದುಕೊಳ್ಳುವುದು ಎನ್ನುತ್ತಾರೆ. ದೊಡ್ಡ ಸಾಫ್ಟ್‌ವೇರ್‌ಗಳು ಸಾಲುಸಾಲಾಗಿ ಮುಗ್ಗರಿಸುತ್ತಿದ್ದ ಕಾಲದಲ್ಲಿ, 1968ರಲ್ಲಿ, ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಆಶ್ರಯದಲ್ಲಿ ಪರಿಣತರ ಸಮ್ಮೇಳನ ನಡೆದಾಗಲೇ ಈ ಚರ್ಚೆ ಕಾವೇರಿತ್ತು. ಐಬಿಎಮ್‌ನ ಓಎಸ್/360 ಎಂಬ ಬೃಹತ್ ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1986ರಲ್ಲಿ ಬರೆದ ಪ್ರಬಂಧದಲ್ಲಿ, ಏನನ್ನು ಕಟ್ಟಬೇಕು ಎಂದು ಖಚಿತವಾಗಿ ತೀರ್ಮಾನಿಸುವುದೇ ಈ ಕಸುಬಿನ ಅತಿ ಕಷ್ಟದ ಭಾಗ ಎಂದು ವಾದಿಸಿದರು. ಅವರ ಮಾತಿಗೆ ಕರ್ನಾಟಕದ ಪಹಣಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಏಕೆಂದರೆ ಪಹಣಿಯ ಹಿಂದೆ ನೂರಾರು ವರ್ಷಗಳ ಬರವಣಿಗೆಯಿದೆ. ಹಳೆ ಮೈಸೂರಿನಲ್ಲಿ ಶಾನುಭೋಗರು, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿಗಳು ಊರಿನ ಲೆಕ್ಕ ಬರೆಯುತ್ತಿದ್ದರು. ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು, ಕಡತವೂ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಬೆಳಗಾವಿ, ಧಾರವಾಡದ ಕಡೆಯ ಹಳೆಯ ದಾಖಲೆಗಳು ಮೋಡಿ ಲಿಪಿಯಲ್ಲಿದ್ದರೆ ನಿಜಾಮರ ಸೀಮೆಯವು ಉರ್ದುವಿನಲ್ಲಿದ್ದವು. ಮೈಸೂರು ಸೀಮೆಯಲ್ಲಿ 1863ರಿಂದ ಮುಂಬಯಿ ಮಾದರಿಯ ಸರ್ವೆ ನಡೆದು ಪ್ರತಿ ತುಂಡು ನೆಲಕ್ಕೂ ಸರ್ವೆ ನಂಬರ್ ಬಿತ್ತು. 1956ರಲ್ಲಿ ರಾಜ್ಯ ಒಂದಾದಾಗ ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು, ಮೈಸೂರು ಎಂಬ ಐದು ಆಡಳಿತಗಳ ಲೆಕ್ಕದ ಪದ್ಧತಿಗಳು ಒಂದೇ ಕಂದಾಯ ಇಲಾಖೆಯ ತಲೆಮೇಲೆ ಬಂದು ಕೂತವು.

1963ರ ಫೆಬ್ರವರಿ 1ರಂದು ವಂಶಪಾರಂಪರ್ಯ ಗ್ರಾಮ ಹುದ್ದೆಗಳು ಕಾನೂನಿನ ಮೂಲಕ ರದ್ದಾದವು. ಶಾನುಭೋಗರ ಜಾಗಕ್ಕೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮರುವರ್ಷದ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಮೂನೆ ಕೊಟ್ಟಿತು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ಹೇಳುವ ಆರ್‌ಟಿಸಿ, ಜನರ ಬಾಯಲ್ಲಿ ಪಹಣಿ. ಹುದ್ದೆ ಬದಲಾಯಿತು, ಕಡತದ ಅಭ್ಯಾಸ ಬದಲಾಗಲಿಲ್ಲ. ಒಬ್ಬ ಗ್ರಾಮ ಲೆಕ್ಕಿಗರ ಸುಪರ್ದಿಯಲ್ಲಿ ಮೂರು ನಾಲ್ಕು ಊರು. ಅವರು ಎಲ್ಲಿರುತ್ತಾರೋ ಪುಸ್ತಕವೂ ಅಲ್ಲಿ. ಕೆಲವೊಮ್ಮೆ ಚಾವಡಿಯಲ್ಲಿ, ಕೆಲವೊಮ್ಮೆ ಬಾಡಿಗೆ ಮನೆಯಲ್ಲಿ, ಇನ್ನು ಕೆಲವೊಮ್ಮೆ ಬಸ್ಸಿನಲ್ಲಿ ಅವರ ಬ್ಯಾಗಿನೊಳಗೆ.

ಪಹಣಿ ಸಣ್ಣ ಕಾಗದ, ಆದರೆ ಎಲ್ಲದಕ್ಕೂ ಬೇಕು. ಬೆಳೆ ಸಾಲಕ್ಕೆ ಬ್ಯಾಂಕು ಕೇಳುತ್ತದೆ. ಬೋರ್‌ವೆಲ್ಲಿಗೆ ಕರೆಂಟು ಬೇಕೆಂದರೆ ವಿದ್ಯುತ್ ಕಚೇರಿ ಕೇಳುತ್ತದೆ. ಆರೋಪಿಗೆ ಜಾಮೀನು ನಿಲ್ಲುವವರ ಕೈಯಲ್ಲೂ ಪಹಣಿ ಇರಬೇಕು, ಹಾಗಾಗಿ ನ್ಯಾಯಾಲಯದ ಆವರಣದಲ್ಲೂ ಅದು ಓಡಾಡುತ್ತದೆ. ಭೂಮಿ ಬರುವ ಮುನ್ನ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಅರ್ಜಿ ಹಾಕಿದವರು ಎಷ್ಟು ದಿನ ಕಾಯಬೇಕು, ಎಷ್ಟು ಕೈಬಿಸಿ ಮಾಡಬೇಕು ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ಕದಲಿಸಿದರೂ ಜಮೀನು ವ್ಯಾಜ್ಯಕ್ಕೆ ಬೀಳುತ್ತಿತ್ತು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಕಂದಾಯ ಇಲಾಖೆಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ರೂಪುಗೊಂಡಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿಯ ಬೆಂಗಳೂರು ಘಟಕ. ಈ ಸಲ ಕಂಪ್ಯೂಟರ್ ಹೋದದ್ದು ನೇರ ತಾಲೂಕು ಕಚೇರಿಗೆ. ಗುಲ್ಬರ್ಗದ ಪಾಠ ಯಾರಿಗೋ ನೆನಪಿತ್ತು.

ತಾಲೂಕು ಕಚೇರಿಯ ದಿನಚರಿಯನ್ನು ಹತ್ತಿರದಿಂದ ನೋಡಿದವರೇ ಇದನ್ನು ಕಟ್ಟಿಸಿದ್ದಾರೆ ಎಂಬುದಕ್ಕೆ ತಂತ್ರಾಂಶದ ಒಳಗೇ ಗುರುತುಗಳಿವೆ. ಮೊದಲನೆಯದು ಲೆಕ್ಕ. ಪಹಣಿಯಲ್ಲಿ ವಿಸ್ತೀರ್ಣ ಬರೆಯುವುದು ಎಕರೆ, ಗುಂಟೆ, ಆಣೆಯಲ್ಲಿ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 16 ಆಣೆ ಸೇರಿದರೆ ಗುಂಟೆ, 40 ಗುಂಟೆ ಸೇರಿದರೆ ಎಕರೆ. ಒಂದು ಎಕರೆ ಇಪ್ಪತ್ತೈದು ಗುಂಟೆಯನ್ನು 1.25 ಎಂದು, ಮೂವತ್ತು ಗುಂಟೆಯನ್ನು 0.30 ಎಂದು ಬರೆಯುವ ವಾಡಿಕೆ. ಯಾವುದೇ ಕ್ಯಾಲ್ಕುಲೇಟರ್ ಇವೆರಡನ್ನೂ ಕೂಡಿ 1.55 ಎನ್ನುತ್ತದೆ. ಗ್ರಾಮ ಲೆಕ್ಕಿಗರು 2.15 ಎನ್ನುತ್ತಾರೆ, ಅದೇ ಸರಿ. ಕರಾವಳಿಗೆ ಹೋದರೆ ಈ ಪಾಠವೂ ತಲೆಕೆಳಗು. ಅಲ್ಲಿ ಮದ್ರಾಸು ಆಡಳಿತದ ಕಾಲದಿಂದ ಸೆಂಟ್ಸ್ ಲೆಕ್ಕ, ನೂರು ಸೆಂಟ್ಸ್‌ಗೆ ಒಂದು ಎಕರೆ. ಮಂಡ್ಯದ ಪಹಣಿಯಲ್ಲಿ 0.30 ಎಂದರೆ ಮುಕ್ಕಾಲು ಎಕರೆ, ಪುತ್ತೂರಿನಲ್ಲಿ ಅಷ್ಟೇ ಅಂಕಿ ಹನ್ನೆರಡು ಗುಂಟೆ. ಇದನ್ನೆಲ್ಲ ಯಾರೂ ಯಾವ ಟಿಪ್ಪಣಿಯಲ್ಲೂ ಬರೆದು ಕೊಡುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಹೊರಗಿನಿಂದ ಬಂದ ಪ್ರೋಗ್ರಾಮರ್ ಒಬ್ಬರನ್ನು ಬಿಟ್ಟು. ಹೀಗೆ ಹೇಳುವ ಅಗತ್ಯವೇ ಇಲ್ಲವೆಂದು ಎಲ್ಲರೂ ಸುಮ್ಮನಿರುವ ಸಂಗತಿಗಳೇ ತಂತ್ರಾಂಶವನ್ನು ಹೆಚ್ಚು ಕಾಡುವುದು.

ಎರಡನೆಯದು ಸರದಿ. ಜಮೀನು ಕ್ರಯವಾದರೆ, ದಾನವಾದರೆ, ವಿಭಾಗವಾದರೆ, ಖಾತೆದಾರ ತೀರಿಕೊಂಡು ಪೌತಿಯಾದರೆ ಪಹಣಿಯಲ್ಲಿ ಹೆಸರು ಬದಲಾಗಬೇಕು. ಅದಕ್ಕೆ ಮ್ಯುಟೇಶನ್ ಎನ್ನುತ್ತಾರೆ. ಆಗಿನ ನಿಯಮದಂತೆ ಸಂಬಂಧಪಟ್ಟವರಿಗೆಲ್ಲ ನೋಟಿಸು ಹೋಗಬೇಕಿತ್ತು, ತಕರಾರು ಹೇಳಲು 30 ದಿನ ಕೊಡಬೇಕಿತ್ತು, ಆಮೇಲೆ ಕಂದಾಯ ನಿರೀಕ್ಷಕರ ಆದೇಶ. ಪುಸ್ತಕದ ಕಾಲದಲ್ಲಿ ಯಾರ ಅರ್ಜಿ ಮೇಲೆ ಬರುತ್ತದೆ, ಯಾರದ್ದು ಕಟ್ಟಿನ ಅಡಿಗೆ ಹೋಗುತ್ತದೆ ಎಂಬುದು ಕಟ್ಟು ಬಿಚ್ಚುವವರ ಮರ್ಜಿ. ಭೂಮಿ ತಂತ್ರಾಂಶ ಅರ್ಜಿಗೆ ಸಂಖ್ಯೆ ಕೊಟ್ಟು, ಮೊದಲು ಬಂದದ್ದನ್ನು ಮೊದಲು ತೆಗೆಯಲೇಬೇಕೆಂದು ಕಟ್ಟುಮಾಡಿತು. ನಡುವಿನಿಂದ ಒಂದನ್ನು ಎಳೆದು ಮುಂದಕ್ಕೆ ತರುವ ದಾರಿಯನ್ನು ಮುಚ್ಚಿತು.

ಮೂರನೆಯದು ಹೊಣೆ. ದಾಖಲೆ ತೆರೆಯುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಆಧಾರ್ ಎಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತಿದು. ಪಾಸ್‌ವರ್ಡ್ ಸಾಲದೇ ಎಂದು ಕೇಳಬಹುದು. ಸರ್ಕಾರಿ ಕಚೇರಿಯಲ್ಲಿ ಪಾಸ್‌ವರ್ಡ್ ಎಂಬುದು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ ಎಂದು ಬಲ್ಲವರು ಮಾಡಿದ ಏರ್ಪಾಡು ಅದು. ತಿದ್ದಿದ್ದು ನಾನಲ್ಲ ಎಂದು ನಾಳೆ ಯಾರೂ ಹೇಳುವಂತಿರಲಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು. ಕೌಂಟರಿನಲ್ಲಿ ಎರಡು ಮಾನಿಟರ್ ಇಟ್ಟರು, ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆಗೆ ತಿರುಗಿಸಿ. ತನ್ನ ಸರ್ವೆ ನಂಬರಿನಲ್ಲಿ ಏನು ಬರೆದಿದೆ ಎಂದು ರೈತ ಕನ್ನಡದಲ್ಲಿ, ಅಲ್ಲೇ ನಿಂತು, ಓದಬಹುದಿತ್ತು. ಓದು ಬಾರದವರು ಜೊತೆಗೆ ಬಂದವರಿಂದ ಓದಿಸಬಹುದಿತ್ತು. ದೊಡ್ಡ ತಂತ್ರಜ್ಞಾನವೇನಲ್ಲ, ಒಂದು ಹೆಚ್ಚುವರಿ ಪರದೆ ಅಷ್ಟೆ. ಆದರೆ ಕಿಟಕಿಯ ಈಚೆಗೆ ನಿಂತವರಿಗೆ ಏನು ಬೇಕು ಎಂದು ಒಬ್ಬರಾದರೂ ಯೋಚಿಸದಿದ್ದರೆ ಅದು ಅಲ್ಲಿ ಇರುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೂ ಕೈಬರಹದ ಪುಸ್ತಕ ಪಕ್ಕದಲ್ಲೇ ಇದ್ದಿದ್ದರೆ 1991ರ ಕಥೆಯೇ ಮರುಕಳಿಸುತ್ತಿತ್ತು. ತಾಲೂಕಿನಲ್ಲಿ ಭೂಮಿ ಚಾಲೂ ಆದಮೇಲೆ ಕೈಯಲ್ಲಿ ಬರೆದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಹೇಳಿತು. ಗ್ರಾಮ ಲೆಕ್ಕಿಗರ ಬ್ಯಾಗಿನಿಂದ ಪುಸ್ತಕ ಹೊರಬಂತು. ಅದಕ್ಕೆ ಮೊದಲು, ತುಂಬಿಸಿದ ಮಾಹಿತಿಯನ್ನು ಮುದ್ರಿಸಿ, ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡುವ ಕೆಲಸ ಅದೇ ಗ್ರಾಮ ಲೆಕ್ಕಿಗರ ಪಾಲಿಗೆ ಬಂತು. ಯಾರ ಅಧಿಕಾರ ಕಡಿಮೆಯಾಗುವುದಿತ್ತೋ ಅವರ ಕೈಯಿಂದಲೇ ಕೆಲಸ ಆಗಬೇಕಿತ್ತು. ಊರೂರಿನ ಅಧಿಕಾರಿ, ಸಿಬ್ಬಂದಿಯನ್ನು ಕೂರಿಸಿಕೊಂಡು ನಡೆಸಿದ ಕಾರ್ಯಾಗಾರಗಳಿಗೆ ಹೋದ ಸಮಯ ಪ್ರೋಗ್ರಾಂ ಬರೆಯುವುದಕ್ಕೆ ಹೋದ ಸಮಯದಷ್ಟೇ ಬೆಲೆಯುಳ್ಳದ್ದು ಎಂದು ಹೇಳಬೇಕಾಗುತ್ತದೆ.

ಫಲ ಬೇಗ ಕಂಡಿತು. ಹದಿನೈದು ರೂಪಾಯಿ ಕೊಟ್ಟು, ಹೆಸರನ್ನೋ ಸರ್ವೆ ನಂಬರನ್ನೋ ಹೇಳಿದರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ಮೂರರಲ್ಲಿ ಎರಡು ಪಾಲು. ಭೂಮಿ ಕೌಂಟರಿನಲ್ಲಿ ಹಾಗೆಂದವರು ನೂರಕ್ಕೆ ಮೂರು. ಅದೇ ವರ್ಷ ಕಾಮನ್‌ವೆಲ್ತ್ ದೇಶಗಳ ಸಾರ್ವಜನಿಕ ಆಡಳಿತ ಸಂಸ್ಥೆಯ ಬೆಳ್ಳಿ ಪ್ರಶಸ್ತಿ ಯೋಜನೆಗೆ ಸಂದಿತು. ವಿಶ್ವಬ್ಯಾಂಕಿನವರು ಬಂದು ಅಧ್ಯಯನ ಬರೆದರು. ಬೇರೆ ರಾಜ್ಯಗಳವರು ನೋಡಿಕೊಂಡು ಹೋದರು.

ಇಲ್ಲಿಗೆ ನಿಲ್ಲಿಸಿದರೆ ಇದು ಸರ್ಕಾರಿ ಕೈಪಿಡಿಯ ಕಥೆಯಾಗುತ್ತದೆ. ಭೂಮಿ ಕಟ್ಟಿದವರು ಕೇಳಿದ್ದು ಮುಖ್ಯವಾಗಿ ಪಹಣಿಯ ಪುಸ್ತಕವನ್ನು, ಅದನ್ನು ಬರೆಯುವವರನ್ನು, ಅದರ ಪ್ರತಿಗೆ ಕಾಯುವವರನ್ನು. ನೆಲವನ್ನು ಕೇಳಲಿಲ್ಲ. ನೆಲದ ಲೆಕ್ಕ ಇನ್ನೊಂದು ಇಲಾಖೆಯದು. ಸರ್ವೆ ಇಲಾಖೆಯಲ್ಲಿ ವಿಸ್ತೀರ್ಣ ಹೇಳುವ ಆಕಾರಬಂದ್ ಇದೆ, ಅಳತೆಯ ಟಿಪ್ಪಣಿ ಇದೆ, ಊರಿನ ನಕ್ಷೆ ಇದೆ. ತಹಶೀಲ್ದಾರರ ಕಚೇರಿಯ ಪಹಣಿಗೂ ಸರ್ವೆ ಕಚೇರಿಯ ನಕ್ಷೆಗೂ ಬಹಳ ಕಾಲದಿಂದ ಮಾತುಕತೆ ನಿಂತುಹೋಗಿತ್ತು. ಒಂದು ಸರ್ವೆ ನಂಬರನ್ನು ನಾಲ್ಕು ಜನ ಕೊಂಡರೆ ಅಳತೆ ಮಾಡಿ, ಕಲ್ಲು ನೆಟ್ಟು, ಪೋಡಿ ಮಾಡಿ, ಪ್ರತಿಯೊಬ್ಬರಿಗೂ ಬೇರೆ ಹಿಸ್ಸಾ ನಂಬರ್ ಕೊಡಬೇಕು. ಅದಕ್ಕೆ ಸರ್ವೆಯರ್ ಬರಬೇಕು, ಸರ್ವೆಯರ್ ಸಂಖ್ಯೆ ಕಡಿಮೆ. ಪೋಡಿಗೆ ಕಾಯುವ ಬದಲು ಪಹಣಿಯಲ್ಲಿ ಮಾತ್ರ ‘ಪೈಕಿ’ ಎಂದು ಬರೆದು ಭಾಗ ಮಾಡಿದರು. ಕಾಗದದಲ್ಲಿ ನಾಲ್ಕು ಜಮೀನು, ನಕ್ಷೆಯಲ್ಲಿ ಒಂದೇ. ಎಲ್ಲರ ಪಾಲನ್ನೂ ಕೂಡಿದರೆ ಮೂಲ ಸರ್ವೆ ನಂಬರಿಗಿಂತ ಹೆಚ್ಚು ನೆಲ ಆಗಿಬಿಡುವ ಪವಾಡವೂ ನಡೆಯುತ್ತದೆ.

ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಹತ್ತಿಸಿದ್ದರಿಂದ ಈ ತಪ್ಪುಗಳೂ ಶಿಸ್ತಾಗಿ, ಸ್ಪಷ್ಟ ಮುದ್ರಣದಲ್ಲಿ, ಒಳಗೆ ಬಂದವು. ಮೊದಲು ತಪ್ಪು ತಿದ್ದಿ ಆಮೇಲೆ ತುಂಬಿಸಬೇಕಿತ್ತು ಎಂದು ಈಗ ಹೇಳುವುದು ಸುಲಭ. ಎರಡು ಕೋಟಿ ದಾಖಲೆಗಳ ನೆಲವನ್ನು ಅಳತೆ ಮಾಡಿಯೇ ಮುಂದುವರಿಯುತ್ತೇವೆ ಎಂದು ಹೊರಟಿದ್ದರೆ ಭೂಮಿ ಇವತ್ತಿಗೂ ಚಾಲೂ ಆಗುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ತುಂಬಿಸಿದ ತೀರ್ಮಾನ ಸರಿ ಎಂದೇ ಈ ಲೇಖಕನ ಅಭಿಪ್ರಾಯ. ಆದರೆ ಅದರ ಸಾಲವನ್ನು ಯಾವಾಗ, ಯಾರು ತೀರಿಸಬೇಕೆಂದು ಆಗಲೇ ಬರೆದಿಡಬೇಕಿತ್ತು. ಬರೆದಿಡದ ಕಾರಣ ಅದು ರೈತರ ತಲೆಗೆ ಬಿತ್ತು. ಮುದ್ರಣದ ತಪ್ಪಿಗೂ ಅರ್ಜಿ, ತಹಶೀಲ್ದಾರರ ಆದೇಶ, ಅದು ಆಗದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ.

ಪೌತಿಯ ಕಥೆ ಇನ್ನೊಂದು. ಖಾತೆದಾರರು ತೀರಿಕೊಂಡರೆಂದು ಕುಟುಂಬದವರು ಬಂದು ಹೇಳುವವರೆಗೆ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಪಾಲು ಆಗದ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಅಜ್ಜ ಹೋಗಿ ಮೊಮ್ಮಕ್ಕಳು ಉಳುತ್ತಿದ್ದರೂ ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಅಜ್ಜನದೇ ಹೆಸರು. ಬರ ಪರಿಹಾರ, ಬೆಳೆ ವಿಮೆ ಬಂದಾಗ ದುಡ್ಡು ಯಾರ ಖಾತೆಗೆ ಹೋಗಬೇಕೆಂಬ ಗೊಂದಲ ಅಲ್ಲಿಂದ ಶುರು.

ಇನ್ನೂ ಖಾರವಾದ ಪ್ರಶ್ನೆ ಎತ್ತಿದವರಿದ್ದಾರೆ. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರು ಸುತ್ತಮುತ್ತಲಿನ ಭೂವ್ಯವಹಾರಗಳನ್ನು ನೋಡಿ ಬರೆದ ಅಧ್ಯಯನದ ವಾದ ಇದು: ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋಗಿದ್ದರಿಂದ ಸಣ್ಣ ಹಿಡುವಳಿದಾರರು ಸ್ಥಳೀಯವಾಗಿ ಪಡೆಯುತ್ತಿದ್ದ ಹೊಂದಾಣಿಕೆಯ ದಾರಿಗಳು ಮುಚ್ಚಿದವು, ಮ್ಯುಟೇಶನ್‌ಗೆ ಹೋಗುವ ಹೊತ್ತೂ ದುಡ್ಡೂ ಹೆಚ್ಚಿತು, ದೊಡ್ಡ ಭೂವ್ಯಾಪಾರಿಗಳಿಗೆ ಯಾವ ಜಮೀನು ಎಲ್ಲಿದೆ ಎಂದು ಕೂತಲ್ಲೇ ಸಿಗುವಂತಾಯಿತು. ಪಹಣಿಯ ಪ್ರತಿ ಪಡೆಯುವುದು ಹಗುರವಾಯಿತು ಎಂಬ ಸಮೀಕ್ಷೆಯೂ, ಮ್ಯುಟೇಶನ್ ಭಾರವಾಯಿತು ಎಂಬ ಈ ಅಧ್ಯಯನವೂ ಒಟ್ಟಿಗೇ ನಿಜವಾಗಿರಬಹುದು, ಏಕೆಂದರೆ ಎರಡೂ ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಜನರಿಗೆ ಬೇಕಾದವು. ಅಗತ್ಯ ಕೇಳುವಾಗ ಕಾರ್ಯಾಗಾರದ ಕುರ್ಚಿಯಲ್ಲಿ ಕೂತವರು ಇಲಾಖೆಯ ಸಿಬ್ಬಂದಿ. ಗೇಣಿಗೆ ಬಾಯಿಮಾತಿನಲ್ಲಿ ಉಳುವವರು, ತವರಿನ ಜಮೀನಿನಲ್ಲಿ ಪಾಲು ಕೇಳಲಾರದ ಹೆಣ್ಣುಮಕ್ಕಳು, ಸರ್ಕಾರಿ ನೆಲವನ್ನು ಅನುಮತಿಯಿಲ್ಲದೆ ಉಳುವ ಬಗರ್‌ಹುಕುಂ ಸಾಗುವಳಿದಾರರು ಆ ಕುರ್ಚಿಗಳ ತನಕ ಬರುವವರಲ್ಲ.

ಆಮೇಲಿನ ಎರಡು ದಶಕಗಳ ಇತಿಹಾಸವೆಂದರೆ ಬಿಟ್ಟುಹೋದದ್ದನ್ನು ಒಂದೊಂದಾಗಿ ಹೊಲಿದು ಸೇರಿಸಿದ ಇತಿಹಾಸ. ಉಪನೋಂದಣಿ ಕಚೇರಿಗಳ ‘ಕಾವೇರಿ’ ತಂತ್ರಾಂಶ ಬಂದು, ನೋಂದಣಿಯಾದ ಕ್ರಯದ ವಿವರ ತಾನಾಗಿಯೇ ಭೂಮಿಗೆ ಹೋಗುವಂತಾಯಿತು. ತಾಲೂಕಿಗೆ ಹೋಗುವ ಬಸ್ ಚಾರ್ಜು ಉಳಿಸಲು ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ಮುಂದೆ ಆ ಕೆಲಸ ನಾಡಕಚೇರಿಗಳಿಗೆ ಹೋಯಿತು. ಸರ್ವೆ ಇಲಾಖೆಗೆ ‘ಮೋಜಿಣಿ’ ತಂತ್ರಾಂಶ ಬಂತು. ಜಮೀನಿನ ಭಾಗ ಮಾರುವ ಮುನ್ನವೇ ಅಳತೆಯಾಗಿ 11ಇ ನಕ್ಷೆ ಇರಬೇಕೆಂಬ ನಿಯಮ ಬಂತು. ಹೊಸ ಪೈಕಿಗಳು ಹುಟ್ಟದಂತೆ ತಡೆಯುವುದೇ ಅದರ ಉದ್ದೇಶ. ನಿಂತ ಜಾಗದ ಸರ್ವೆ ನಂಬರ್ ಹೇಳುವ ‘ದಿಶಾಂಕ್’ ಆ್ಯಪ್ ಮೊಬೈಲಿಗೆ ಬಂತು. ಗ್ರಾಮ ಲೆಕ್ಕಿಗರು ವರ್ಷಕ್ಕೆ ಮೂರು ಸಲ ಹೊಲ ಸುತ್ತಿ ಬರೆಯಬೇಕಿದ್ದ ಬೆಳೆ ವಿವರವನ್ನು ಈಗ ರೈತರೇ ಫೋಟೊ ತೆಗೆದು ಆ್ಯಪಿನಲ್ಲಿ ಹಾಕಬಹುದು. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಹಳ್ಳಿಹಳ್ಳಿಯಲ್ಲಿ ನಡೆದಿದೆ, ಎಷ್ಟು ಖಾತೆದಾರರು ಬದುಕಿಲ್ಲ ಎಂಬ ಲೆಕ್ಕವೂ ಆ ನೆಪದಲ್ಲಿ ಹೊರಬೀಳುತ್ತಿದೆ. ಗ್ರಾಮ ಲೆಕ್ಕಿಗರ ಹುದ್ದೆಯ ಹೆಸರೂ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ.

ಇಷ್ಟಾದರೂ ಹಳೆಯ ತಪ್ಪುಗಳು ಪಹಣಿಯಲ್ಲಿ ಉಳಿದಿರಬಹುದು. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಎಣಿಕೆ. ಆದ್ದರಿಂದ ಊರಿನಲ್ಲಿ ಜಮೀನಿರುವವರು ಒಂದು ಪಹಣಿಯನ್ನು ತೆಗೆಸಿ ನೋಡುವುದು ಒಳ್ಳೆಯದು. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ), ಖರಾಬು ಕಳೆದು ಉಳಿದದ್ದು ಇರುತ್ತದೆ. ಒಂಬತ್ತನೆಯದರಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಪಾಲುಗಳನ್ನು, ನಲವತ್ತಕ್ಕೆ (ಸೆಂಟ್ಸ್ ಲೆಕ್ಕವಿದ್ದರೆ ನೂರಕ್ಕೆ) ಎಕರೆ ಎಂಬುದನ್ನು ಮರೆಯದೆ, ಕೂಡಿ. ಮೂರನೇ ಕಾಲಂಗೆ ತಾಳೆಯಾಗದಿದ್ದರೆ, ಇಲ್ಲವೇ ಹೆಸರು ತೀರಿಕೊಂಡ ಹಿರಿಯರದೇ ಆಗಿದ್ದರೆ, ಮಾರುವ ಅಥವಾ ಸಾಲ ಮಾಡುವ ಹೊತ್ತು ಬರುವ ತನಕ ಕಾಯದೆ ಈಗಲೇ ತಹಶೀಲ್ದಾರರಿಗೆ ಅರ್ಜಿ ಕೊಡಿ.